ಸೋಪಣ್ಣನ ಹಗುರ ಧಾತುಗಳು

ಸೋಪಣ್ಣ ಸುಳ್ಳು ಹೇಳಿದನೆಂದು ಯಾರೂ ಬೆರಳು ತೋರಿಸುವಂತಿಲ್ಲ. ಅವನು ಹೇಳಿದ್ದು "ಹೂಂ" ಅನ್ನುವ ಒಂದೇ ಒಂದು ಮಾತು. ಅದನ್ನೂ ಲಿಫ್ಟಿನೊಳಗೆ, ತೊಟ್ಟಿಕ್ಕುವ ಕೊಡೆ ಹಿಡಿದುಕೊಂಡು, ತನ್ನ ಮಹಡಿ ಬಂದರೆ ಸಾಕಪ್ಪ ಅನ್ನುವ ಅವಸರದಲ್ಲಿ ಹೇಳಿದ್ದು. ಆಮೇಲೆ ಏನೇನು ನಡೆಯಿತೋ ಅದಕ್ಕೆಲ್ಲ ಅವನ ಮೈಮೇಲಿದ್ದ ಕೋಟೇ ಹೊಣೆ.

ಸೋಪಣ್ಣ ದೊಡ್ಡದೊಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಾಗಂದ ಮಾತ್ರಕ್ಕೆ ಅವನು ಔಷಧಿ ಮುಟ್ಟುತ್ತಿದ್ದನೆಂದು ತಿಳಿಯಬಾರದು. ಸೇರಿದ ಹೊಸದರಲ್ಲೇ ಕೆಮ್ಮಿನ ಸಿರಪ್ ಕೇಳಿದವರಿಗೆ ಶಾಂಪೂ ಬಾಟಲಿ ಕಟ್ಟಿಕೊಟ್ಟಿದ್ದ. ಪುಣ್ಯಕ್ಕೆ ಗಿರಾಕಿ ಬಾಯಿಗೆ ಹಾಕುವ ಮೊದಲೇ ವಾಸನೆ ಹಿಡಿದು ವಾಪಸು ಬಂದರು. ಅಂದಿನಿಂದ ಯಜಮಾನರು ಅವನನ್ನು ಬಾಗಿಲ ಪಕ್ಕದ ಗಾಜಿನ ಕಪಾಟಿಗೆ ವರ್ಗ ಮಾಡಿದರು. ಸೋಪು, ಟೂತ್‌ಪೇಸ್ಟು, ಪೌಡರು, ಹತ್ತಿ, ಬಿಸಿನೀರಿನ ಚೀಲ, ಇವಿಷ್ಟು ಅವನ ಸಾಮ್ರಾಜ್ಯ. ಯಾವುದನ್ನು ಅದಲುಬದಲು ಕೊಟ್ಟರೂ ಯಾರ ಪ್ರಾಣಕ್ಕೂ ಸಂಚಕಾರವಿಲ್ಲ. ತಾಯಿ ತಂದೆ ಇಟ್ಟ ಹೆಸರು ಅಲ್ಲಿಗೆ ಮುಗಿದು, ಅಂಗಡಿಯವರ ಬಾಯಲ್ಲಿ ಅವನು ಸೋಪಣ್ಣನಾದ.

ಯಜಮಾನರಿಗೆ ಈಚೆಗೆ ತಮ್ಮ ಅಂಗಡಿ ಆಸ್ಪತ್ರೆಯಂತೆ ಕಾಣಬೇಕೆಂಬ ಆಸೆ ಹುಟ್ಟಿತು. ಎಲ್ಲರಿಗೂ ಬಿಳಿ ಕೋಟು ಹೊಲಿಸಿದರು. ದರ್ಜಿ ಒಂದೇ ಉಸಿರಿಗೆ ಎಲ್ಲ ಕೋಟುಗಳ ಜೇಬಿನ ಮೇಲೂ ಕೆಂಪು ದಾರದಲ್ಲಿ "ಕೆಮಿಸ್ಟ್" ಎಂದು ಕಸೂತಿ ಹಾಕಿಬಿಟ್ಟ. ನೆಲ ಒರೆಸುವಾಕೆಯ ಕೋಟಿನ ಮೇಲೂ ಅದೇ ಇತ್ತು. ಆಕೆಗೆ ಅದರಿಂದ ಏನೂ ಆಗಲಿಲ್ಲ, ಯಾಕೆಂದರೆ ಆಕೆ ಕೋಟನ್ನು ಅಂಗಡಿಯಲ್ಲೇ ಬಿಚ್ಚಿಟ್ಟು ಹೋಗುತ್ತಿದ್ದಳು. ಸೋಪಣ್ಣ ಮಳೆ ಬಂದ ಒಂದು ಸಂಜೆ ಚಳಿಗೆ ಹೆದರಿ ಅದನ್ನು ತೊಟ್ಟುಕೊಂಡೇ ಮನೆಗೆ ಬಂದ.

ಅವನು ಆ ಕಟ್ಟಡಕ್ಕೆ ಬಾಡಿಗೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಲಿಫ್ಟಿನಲ್ಲಿ ಮೂರನೇ ಮಹಡಿಯ ಟಿಕೆಟ್ ತಾತ ಸಿಕ್ಕಿದರು. ಇವರು ಜನ್ಮವೆಲ್ಲ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಎದುರಿಗೆ ಯಾರೇ ಬರಲಿ, ಅವರು ಯಾರು, ಎಲ್ಲಿಂದ ಬಂದರು, ಎಲ್ಲಿಗೆ ಹೊರಟರು ಅನ್ನುವುದು ಗೊತ್ತಾಗದೆ ಬಿಡುವವರಲ್ಲ. ಕನ್ನಡಕ ಮೂಗಿನ ತುದಿಗೆ ಜಾರಿಸಿ ಜೇಬಿನ ಮೇಲಿನದನ್ನು ಓದಿದರು.

"ಕೆಮಿಸ್ಟು ಅಂದ್ರೆ ಕೆಮಿಸ್ಟ್ರಿಯವರು. ರಸಾಯನ ವಿಜ್ಞಾನಿ ತಾನೆ ನೀವು?"

ಅಲ್ಲ ಅನ್ನುವುದಕ್ಕೆ ವಿವರ ಬೇಕು. ಸೋಪಿನಿಂದ ಶುರುಮಾಡಿ ದರ್ಜಿಯವರೆಗೆ ಹೇಳಬೇಕು. ಅಷ್ಟು ಹೇಳುವಷ್ಟು ಎತ್ತರ ಆ ಕಟ್ಟಡಕ್ಕಿರಲಿಲ್ಲ. ಜೊತೆಗೆ, ಹುಟ್ಟಿದಾಗಿನಿಂದ ಅವನನ್ನು ಯಾರೂ ಅಷ್ಟು ಗೌರವದಿಂದ ನೋಡಿರಲಿಲ್ಲ. ಸೋಪಣ್ಣ "ಹೂಂ" ಅಂದ. ಬಾಗಿಲು ತೆರೆಯಿತು. ಅವನು ಇಳಿದ. ಮಾತು ಮಾತ್ರ ಲಿಫ್ಟಿನಲ್ಲೇ ಉಳಿದು, ಮಹಡಿ ಮಹಡಿಗೂ ಇಳಿಯಿತು.

ಬೆಳಗಾಗುವಷ್ಟರಲ್ಲಿ ಕಟ್ಟಡಕ್ಕೆಲ್ಲ ವಿಜ್ಞಾನಿಯೊಬ್ಬರು ಬಂದಿರುವುದು ತಿಳಿದುಹೋಗಿತ್ತು. ಮೊದಲು ಬಂದವರು ಎರಡನೇ ಮಹಡಿಯ ದಂತಕಟ್ಟಿನ ಅಜ್ಜಿ. ಮೊಮ್ಮಕ್ಕಳ ಟೂತ್‌ಪೇಸ್ಟಿನಲ್ಲಿ ಫ್ಲೋರಿನ್ ಇದೆಯಂತೆ, ಅದು ವಿಷವಂತೆ, ಹೌದಾ ಎಂದು ಕೇಳಿದರು. ಟೂತ್‌ಪೇಸ್ಟು ಅಂದ ಕೂಡಲೇ ಸೋಪಣ್ಣನ ಎದೆಯ ಮೇಲಿನ ಭಾರ ಇಳಿಯಿತು. ಕಂಪನಿಯವರು ಕೊಟ್ಟ ಬಣ್ಣದ ಕಾಗದಗಳಲ್ಲಿದ್ದದ್ದನ್ನೆಲ್ಲ ಒಪ್ಪಿಸಿದ. ಬಿಡಿ ಫ್ಲೋರಿನ್ ಮಹಾ ಕೋಪಿಷ್ಠ ಅನಿಲ, ಪೇಸ್ಟಿನಲ್ಲಿರುವುದು ಪಳಗಿದ ಫ್ಲೋರೈಡು, ಹಲ್ಲಿನ ಮೇಲ್ಪದರ ಗಟ್ಟಿಮಾಡುತ್ತದೆ, ಮಕ್ಕಳಿಗೆ ಬಟಾಣಿ ಗಾತ್ರ ಸಾಕು, ನುಂಗಬಾರದು, ಉಗುಳಬೇಕು. ಅಜ್ಜಿ ತಮ್ಮ ದಂತಕಟ್ಟನ್ನು ಒಮ್ಮೆ ಸರಿಮಾಡಿಕೊಂಡು, ಇಷ್ಟು ಬಿಡಿಸಿ ಹೇಳುವ ವಿಜ್ಞಾನಿಯನ್ನು ತಾವು ಕಂಡೇ ಇಲ್ಲವೆಂದರು. ಬೇರೆ ವಿಜ್ಞಾನಿಗಳನ್ನು ಅವರು ಎಲ್ಲಿ ಕಂಡಿದ್ದರೆಂದು ಯಾರೂ ಕೇಳಲಿಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಕೆಳಗಿನ ಮನೆಯ ಹುಡುಗರು ಕೇರಂ ಬೋರ್ಡಿಗೆ ನುಣುಪಾದ ಪೌಡರು ಬೇಕೆಂದರು. ಅದೇ ಹೊತ್ತಿಗೆ ಅಜ್ಜಿ ಜಿರಳೆಗೆ ಮದ್ದು ಕೇಳಿದರು. ಎರಡಕ್ಕೂ ಬೋರಿಕ್ ಪೌಡರೇ ಆಗುತ್ತದೆ, ಬೋರಾನ್ ಎಂಬ ಧಾತುವಿನ ಕೃಪೆ ಎಂದು ಸೋಪಣ್ಣ ಗಂಭೀರವಾಗಿ ಹೇಳಿ, ಅಂಗಡಿಯಿಂದ ತಂದು ಎರಡು ಪೊಟ್ಟಣ ಕಟ್ಟಿದ. ಜಿರಳೆಗಾದದ್ದಕ್ಕೆ ಸಕ್ಕರೆಪುಡಿ ಬೆರೆಸಿದ. ಆಮೇಲೆ ತನ್ನ ಜಾತಕದಲ್ಲಿದ್ದಂತೆ ಪೊಟ್ಟಣ ಅದಲುಬದಲು ಕೊಟ್ಟ.

ಸಂಜೆ ಕೇರಂ ಪಂದ್ಯದ ನಡುವೆ ಸ್ಟ್ರೈಕರು ಬೋರ್ಡಿಗೆ ಅಂಟಿಕೊಂಡಿತು. ರಾಣಿಯ ಸುತ್ತ ಇರುವೆಗಳು ಸಾಲುಗಟ್ಟಿದವು. ಹುಡುಗರು ಜಗಳಕ್ಕೆ ಬರುವವರಿದ್ದರು, ಅಷ್ಟರಲ್ಲಿ ಟಿಕೆಟ್ ತಾತ ಬಗ್ಗಿ ನೋಡಿ, ಬಾಯಿ ಮುಚ್ಚಿಕೊಂಡು ನೋಡಿ ಎಂದು ಎಲ್ಲರನ್ನೂ ಸುಮ್ಮನಾಗಿಸಿದರು. ಇರುವೆ ಮೊದಲು ಬರುತ್ತದೋ ಜಿರಳೆ ಮೊದಲು ಬರುತ್ತದೋ ಎಂದು ವಿಜ್ಞಾನಿಗಳು ಪ್ರಯೋಗ ನಡೆಸುತ್ತಿದ್ದಾರೆ, ಇದು ನಮ್ಮ ಕಟ್ಟಡದ ಭಾಗ್ಯ ಅಂದರು. ಸೋಪಣ್ಣ ಒಂದು ಮಾತೂ ಆಡಲಿಲ್ಲ. ಅವನ ಮೌನವನ್ನೂ ಎಲ್ಲರೂ ಪ್ರಯೋಗದ ಭಾಗವೆಂದೇ ಎಣಿಸಿದರು.

ಈ ಪ್ರಯೋಗದ ಸುದ್ದಿ ಮೇಲಿನ ಮಹಡಿಯ ಹೆಡ್ ಮೇಡಂ ಕಿವಿಗೆ ಬಿತ್ತು. ಅವರು ಪಕ್ಕದ ರಸ್ತೆಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಭಾಷಣಕಾರರು ಸಿಗದೆ ತಲೆ ಕೆಡಿಸಿಕೊಂಡಿದ್ದರು. ನೇರವಾಗಿ ಸೋಪಣ್ಣನ ಮನೆಗೆ ಬಂದು, ಹಗುರ ಧಾತುಗಳು ಮತ್ತು ದಿನಬಳಕೆ ಅನ್ನುವ ವಿಷಯದ ಮೇಲೆ ಮಕ್ಕಳಿಗೆ ಸ್ವಲ್ಪ ಹೊತ್ತು ಮಾತಾಡಬೇಕೆಂದರು. ಸೋಪಣ್ಣ ಬಾಯಿ ತೆರೆದ. ಅದನ್ನು ಒಪ್ಪಿಗೆಯೆಂದುಕೊಂಡು ಅವರು ಕೈಮುಗಿದು ಹೊರಟೇಹೋದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಆ ದಿನ ಆಡಿದ್ದನ್ನು ಪೂರ್ತಿ ಬರೆಯುವಂತಿಲ್ಲ. ಸಾರಾಂಶ ಇಷ್ಟು: ಕಟ್ಟಿಕೊಂಡ ದಿನದಿಂದ ತಾನು ಒಬ್ಬ ಸೋಪು ಮಾರುವವರ ಹೆಂಡತಿಯಾಗಿ ನೆಮ್ಮದಿಯಾಗಿದ್ದೆ, ಈಗ ವಿಜ್ಞಾನಿಯ ಹೆಂಡತಿಯಾಗಿ ಮನೆ ಖಾಲಿಮಾಡುವ ಗತಿ ಬಂತು. ಈಗಿಂದೀಗಲೇ ಮೇಲೆ ಹೋಗಿ ಇದ್ದದ್ದು ಹೇಳಿಬಂದರೆ ಸರಿ. ಸೋಪಣ್ಣ ಚಪ್ಪಲಿಯೂ ಮೆಟ್ಟಿದ. ಅಷ್ಟರಲ್ಲಿ ಫೋನು ಬಂತು.

ಫೋನಿನಲ್ಲಿದ್ದವಳು ಹೆಂಡತಿಯ ಅಕ್ಕ. ಅಕ್ಕನ ಗಂಡ ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಅಧಿಕಾರಿ. ಅವರ ಕಂಠ ಇನ್ನೂ ದೊಡ್ಡದು. ಅವರು ಶಾಲೆಯ ಗೇಟಿನಲ್ಲಿ ಕೆಮ್ಮಿದರೆ ಹಿಂದಿನ ಬೆಂಚಿನವರು ಎದ್ದು ನಿಲ್ಲುತ್ತಿದ್ದರು. ನೆಂಟರಿಷ್ಟರ ಮನೆಯ ಯಾವ ಸಮಾರಂಭವಿರಲಿ, ಆ ಕಂಠದಲ್ಲಿ ಅವರು ಸೋಪಣ್ಣನ ಭುಜದ ಮೇಲೆ ಕೈಹಾಕಿ, ಇವರು ನಮ್ಮ ಷಡ್ಡಕರು, ಸೋಪು ಇಲಾಖೆ ಎಂದು ಪರಿಚಯ ಮಾಡಿಕೊಡುತ್ತಿದ್ದರು. ಜನ ನಗುತ್ತಿದ್ದರು. ಸೋಪಣ್ಣನೂ ನಗುತ್ತಿದ್ದ. ಹೆಂಡತಿ ಮಾತ್ರ ಏನೋ ಕೆಲಸದ ನೆಪ ಮಾಡಿ ಒಳಗೆ ಹೋಗುತ್ತಿದ್ದಳು.

ಅಕ್ಕ ಹೇಳಿದ್ದು, ನಿಮ್ಮ ಮನೆ ಹತ್ತಿರದ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇವರೇ ಮುಖ್ಯ ಅತಿಥಿ, ನಾನೂ ಬರುತ್ತೇನೆ, ನೀನೂ ಬಾ, ನಿನ್ನ ಗಂಡನಿಗೆ ಇಂಥದ್ದೆಲ್ಲ ಅರ್ಥವಾಗುವುದಿಲ್ಲ, ಪಾಪ, ಅವರನ್ನು ಯಾಕೆ ಎಳೆದುತರುತ್ತೀ ಎಂದು.

ಹೆಂಡತಿ ಫೋನು ಕುಕ್ಕಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಚಪ್ಪಲಿ ಬಿಡಿ. ನೀವು ಮಾತಾಡ್ಲೇಬೇಕು."

"ಭಾವ ಎದುರಿಗೇ ಕೂತಿರ್ತಾರಲ್ಲೇ. ನಾನ್ಯಾರು ಅಂತ ಅವರಿಗೆ ಗೊತ್ತಿಲ್ವಾ?"

"ಅವರಿಗೆ ಗೊತ್ತಿದ್ದಿದ್ದು ಸಾಕು. ಇವತ್ತಿಂದ ಓದಕ್ಕೆ ಕೂತ್ಕೊಳಿ."

ಸೋಪಣ್ಣ ಕೂತ. ಓದಿದ್ದು ತಲೆಗೆ ಹತ್ತಲಿಲ್ಲ. ಧಾತುಗಳ ಹೆಸರು ಮಗ್ಗಿಯಂತೆ ಉರುಹೊಡೆದರೆ ಮಧ್ಯದಲ್ಲಿ ಸೋಪಿನ ಕಂಪನಿಗಳ ಹೆಸರು ನುಗ್ಗುತ್ತಿದ್ದವು. ಕೊನೆಗೆ ಹೆಂಡತಿಯೇ ಉಪಾಯ ಹೇಳಿದಳು. ಪುಸ್ತಕ ಬಿಡಿ, ಸಾಮಾನು ತನ್ನಿ, ಕೈಯಲ್ಲಿ ಸಾಮಾನಿದ್ದರೆ ನಿಮಗೆ ಮಾತು ಬರುತ್ತೆ, ಮೇಜಿನ ಹಿಂದೆ ನಿಂತರೆ ಅಂಗಡಿ ಅಂದ್ಕೊಳಿ. ಅವನು ಚೀಲ ತುಂಬಿಕೊಂಡ. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್, ಗಡಿಯಾರದ ಗುಂಡಿಯಂಥ ಲಿಥಿಯಂ ಬ್ಯಾಟರಿ, ಬೋರಿಕ್ ಪೌಡರು, ಪೆನ್ಸಿಲು, ಉಬ್ಬಿದ ಚಿಪ್ಸ್ ಪೊಟ್ಟಣ, ಟೂತ್‌ಪೇಸ್ಟು. ಹೀಲಿಯಮ್ಮಿಗೆಂದು ಪಕ್ಕದ ಉಡುಗೊರೆ ಅಂಗಡಿಯಿಂದ ದೊಡ್ಡ ದೊಡ್ಡ ಬಲೂನುಗಳ ಗೊಂಚಲು ತಂದ. ಬೆರಿಲಿಯಂ ಎಂಬುದು ಎಲ್ಲಿ ಸಿಗುತ್ತದೆಂದು ವಿಚಾರಿಸಿದಾಗ ತರಕಾರಿಯವನು ಈಗ ಅದರ ಕಾಲವಲ್ಲ ಅಂದನಂತೆ.

ಪ್ರದರ್ಶನದ ದಿನ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಟಿಕೆಟ್ ತಾತ ಕಟ್ಟಡದವರನ್ನೆಲ್ಲ ಸಾಲಾಗಿ ಕರೆತಂದು, ಬಾಗಿಲಲ್ಲಿ ಒಬ್ಬೊಬ್ಬರನ್ನೂ ನೋಡಿ ಒಳಗೆ ಬಿಟ್ಟಿದ್ದರು. ಹೆಂಡತಿ ಮುಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕೂತಿದ್ದಳು, ಮುಖ ಮಾತ್ರ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿತ್ತು. ಮುಖ್ಯ ಅತಿಥಿಗಳು ವೇದಿಕೆ ಹತ್ತಿದರು. ಮೇಜಿನ ಹಿಂದೆ ಬಿಳಿ ಕೋಟು ತೊಟ್ಟು ನಿಂತ ವಿಜ್ಞಾನಿಯನ್ನು ಹೆಡ್ ಮೇಡಂ ಪರಿಚಯಿಸಿದಾಗ ಅವರು ನಮಸ್ಕಾರಕ್ಕೆ ಎತ್ತಿದ ಕೈ ಅರ್ಧಕ್ಕೇ ನಿಂತುಹೋಯಿತು. ಕೋಟು ನೋಡಿದರು. ಮುಖ ನೋಡಿದರು. ಮತ್ತೆ ಕೋಟು ನೋಡಿದರು. ಆಮೇಲೆ ಅವರ ಮುಖದಲ್ಲಿ ನಿಧಾನವಾಗಿ ಒಂದು ನಗು ಹರಡಿತು. ಹಸಿದವನಿಗೆ ಬಾಳೆಯೆಲೆ ಹಾಕಿದಾಗ ಬರುವಂಥ ನಗು ಅದು. ಈಗಲೇ ಬೇಡ, ಇನ್ನಷ್ಟು ಮೇಲೇರಲಿ, ಆಮೇಲೆ ಇಳಿಸೋಣ ಎಂದು ಕಾಲ ಮೇಲೆ ಕಾಲು ಹಾಕಿ ಕೂತರು.

ಸೋಪಣ್ಣ ಚೀಲದ ಸಾಮಾನನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಮೈಕಿನ ಮುಂದೆ ಅವನ ಬಾಯಿಂದ ಮೊದಲು ಹೊರಟ ಮಾತು, "ಬನ್ನಿ, ಏನು ಬೇಕಿತ್ತು?" ಎಂದು. ಮಕ್ಕಳು ಗೊಳ್ಳೆಂದರು. ಆ ನಗು ಕೇಳಿ ಅವನಿಗೆ ಧೈರ್ಯ ಬಂತು. ಅಂಗಡಿಯಲ್ಲೂ ಹೀಗೆಯೇ ಅಲ್ಲವೇ ಅನ್ನಿಸಿತು. ಕೈ ತಾನಾಗಿ ಸಾಮಾನಿನ ಕಡೆ ಹೋಯಿತು.

ಎಲ್ಲಕ್ಕಿಂತ ಹಗುರ ಹೈಡ್ರೋಜನ್, ನೀವು ಕುಡಿಯುವ ನೀರಿನಲ್ಲೂ ಅದೇ, ಈ ಬಾಟಲಿಯಲ್ಲೂ ಅದೇ, ಗಾಯಕ್ಕೆ ಹಾಕಿದರೆ ಬುಸಬುಸ ನೊರೆ ಬರುತ್ತೆ, ಆ ನೊರೆ ಮಾತ್ರ ಹೈಡ್ರೋಜನ್ನಿನದಲ್ಲ, ಆಮ್ಲಜನಕದ್ದು, ಹೆಸರು ಒಬ್ಬರದು ಕೆಲಸ ಇನ್ನೊಬ್ಬರದು ಅಂದ. ಮೇಷ್ಟ್ರುಗಳ ಸಾಲಿನಲ್ಲಿ ಕೆಲವರು ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಲಿಥಿಯಂ ಲೋಹಗಳಲ್ಲೆಲ್ಲ ಹಗುರ, ಎಣ್ಣೆಯ ಮೇಲೂ ತೇಲುತ್ತೆ, ನಿಮ್ಮ ಅಪ್ಪಂದಿರ ಜೇಬಿನ ಫೋನಿನಲ್ಲಿ ಕೂತಿರುತ್ತೆ, ಬ್ಯಾಟರಿ ಉಬ್ಬಿದರೆ ಅದನ್ನು ಚಾರ್ಜಿಗೆ ಹಾಕಬೇಡಿ ಅಂದ. ಬೆರಿಲಿಯಂ ಬಂತು. ಸೋಪಣ್ಣ ಮೇಜೆಲ್ಲ ಹುಡುಕಿ, "ಬೆರಿಲಿಯಂ ಇವತ್ತು ಸ್ಟಾಕಿಲ್ಲ" ಅಂದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಪೆನ್ಸಿಲು ಎತ್ತಿ, ಇದರ ಕಡ್ಡಿಯಲ್ಲಿರುವ ಇಂಗಾಲವೇ ಬೇರೆ ಜೋಡಣೆಯಲ್ಲಿ ವಜ್ರ, ಅಕ್ಕತಂಗಿಯರಂತೆ, ಒಬ್ಬಳು ಶೋಕೇಸಿನಲ್ಲಿ, ಇನ್ನೊಬ್ಬಳು ಕೆಲಸದಲ್ಲಿ ಅಂದ. ಮುಂದಿನ ಸಾಲಿನಲ್ಲಿ ಅಕ್ಕ ತನ್ನ ಓಲೆ ಮುಟ್ಟಿಕೊಂಡಳು. ಚಿಪ್ಸ್ ಪೊಟ್ಟಣ ಹಿಸುಕಿ ಡಬ್ಬೆಂದು ಒಡೆದು, ಹೋಯಿತಲ್ಲ ಅದೇ ಸಾರಜನಕ, ನೀವು ದುಡ್ಡು ಕೊಟ್ಟಿದ್ದು ಅರ್ಧ ಅದಕ್ಕೇ ಅಂದ.

ಚಪ್ಪಾಳೆ ಜೋರಾದಷ್ಟೂ ಭಾವನ ನಗು ಕರಗುತ್ತಾ ಬಂತು. ಸೋಪಣ್ಣ ಕೊನೆಗೆ ಬಲೂನಿನ ಗೊಂಚಲು ಹಿಡಿದು, ಇದು ಹೀಲಿಯಂ, ಗಾಳಿಗಿಂತ ಹಗುರ, ಯಾರ ಜೊತೆಗೂ ಸೇರುವುದಿಲ್ಲ, ಉರಿಯುವುದಿಲ್ಲ, ಸಾಧು ಸ್ವಭಾವ ಅನ್ನುವಷ್ಟರಲ್ಲಿ ಅವರು ಎದ್ದು ನಿಂತರು. ಮೈಕು ಬೇಕಿರಲಿಲ್ಲ, ಆದರೂ ಕಿತ್ತುಕೊಂಡರು.

"ವಿಜ್ಞಾನಿಗಳನ್ನ ಒಂದು ಪ್ರಶ್ನೆ ಕೇಳ್ತೀನಿ. ಅದರೊಳಗಿರೋದು ಹೀಲಿಯಮ್ಮೇ ಅಂತ ಹೇಗೆ ಗೊತ್ತು?"

ಹಿಂದಿನ ಬೆಂಚಿನವರು ಅಭ್ಯಾಸಬಲದಿಂದ ಎದ್ದು ನಿಂತರು. ಸೋಪಣ್ಣನಿಗೆ ಅದು ಉಡುಗೊರೆ ಅಂಗಡಿಯವನು ಹೇಳಿದ್ದರಿಂದ ಗೊತ್ತು. ಅದನ್ನು ಹೇಳುವಂತಿಲ್ಲ. ಅವನು ಬೆವರು ಒರೆಸಿಕೊಂಡು, ನೀವೇ ಹೇಳಿಬಿಡಿ ಭಾವ ಅಂದ.

ಭಾವ ಒಂದು ಕಾಲದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಅಧಿಕಾರ ಸಿಕ್ಕ ಮೇಲೆ ಅವರಿಗೆ ಪ್ರಯೋಗ ಮಾಡಿ ತೋರಿಸುವ ಅವಕಾಶ ತಪ್ಪಿಹೋಗಿತ್ತು. ಇದು ಹೀಲಿಯಮ್ಮೇ ಆದರೆ ಒಳಗೆಳೆದುಕೊಂಡವನ ದನಿ ಸಣ್ಣಗಾಗುತ್ತದೆ, ಕಲಿತುಕೊಳ್ಳಿ ಎಂದರು. ಹೈಡ್ರೋಜನ್ನಾದರೂ ದನಿ ಹಾಗೆಯೇ ಆಗುತ್ತದೆಂಬುದು ಆ ಉತ್ಸಾಹದಲ್ಲಿ ಅವರಿಗೆ ಮರೆತಿತ್ತು. ಗೊಂಚಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಬಲೂನು ಆರಿಸಿ, ಗಂಟು ಬಿಚ್ಚಿ, ಎದೆ ತುಂಬ ಒಂದು ಉಸಿರು ಎಳೆದರು. ಪ್ರಯೋಗಕ್ಕೆ ಏನಾದರೂ ಒಂದು ಮಾತು ಆಡಬೇಕಲ್ಲ. ಆಗ ಅವರ ನಾಲಿಗೆಯ ತುದಿಯಲ್ಲಿ ಇದ್ದದ್ದು ಒಂದೇ ಮಾತು. ವೇದಿಕೆ ಹತ್ತಿದಾಗಿನಿಂದ ಕಾದಿಟ್ಟುಕೊಂಡಿದ್ದು, ಅದೇ ಹೊರಗೆ ಬಂತು.

"ಇವರು ವಿಜ್ಞಾನಿ ಅಲ್ಲ! ಸೋಪು ಮಾರೋರು!"

ಅದು ಮನುಷ್ಯರ ದನಿಯಾಗಿರಲಿಲ್ಲ. ಬಾಗಿಲ ಸಂದಿಗೆ ಸಿಕ್ಕಿದ ಇಲಿಮರಿ ಅಹವಾಲು ಹೇಳಿಕೊಂಡಂತಿತ್ತು. ಸಭಾಂಗಣದ ಚಾವಣಿ ಹಾರಿಹೋಗುವ ಹಾಗೆ ನಗು ಎದ್ದಿತು. ಮಕ್ಕಳು ಬೆಂಚು ಕುಟ್ಟಿದರು. ದಂತಕಟ್ಟಿನ ಅಜ್ಜಿ ಮುನ್ನೆಚ್ಚರಿಕೆಯಿಂದ ಬಾಯಿಗೆ ಕೈ ಅಡ್ಡ ಹಿಡಿದರು. ಅಧಿಕಾರಿಗಳ ಸಿಟ್ಟಿಗೆ ಹೆದರಿ ಹೆದರಿ ಬದುಕಿದ್ದ ಮೇಷ್ಟ್ರುಗಳು ಕಣ್ಣೀರು ಸುರಿಸಿ ನಕ್ಕರು, ಅವರಲ್ಲಿ ಕೆಲವರು ಬಹಳ ವರ್ಷಗಳ ನಗುವನ್ನು ಒಟ್ಟಿಗೆ ತೀರಿಸಿಕೊಂಡಂತಿತ್ತು. ಮುಖ್ಯ ಅತಿಥಿಗಳು ಇಷ್ಟು ಹಾಸ್ಯಪ್ರಿಯರೆಂದು ತಮಗೆ ತಿಳಿದೇ ಇರಲಿಲ್ಲವೆಂದು ಹೆಡ್ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಭಾವ ಸಿಟ್ಟಿನಿಂದ ಅದೇ ಮಾತನ್ನು ಮತ್ತೆ ಹೇಳಿದರು. ಅಷ್ಟರಲ್ಲಿ ಅನಿಲ ಇಳಿದು ಕಂಠ ಅರ್ಧ ವಾಪಸು ಬಂದಿತ್ತು. ಅದರಿಂದ ಆ ಮಾತು ಇಲಿಯಂತೆ ಶುರುವಾಗಿ ಎಮ್ಮೆಯಂತೆ ಮುಗಿಯಿತು. ಮಕ್ಕಳು ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೂಗಿದರು. ಪೂರ್ತಿ ದನಿ ಬಂದ ಮೇಲೆ ಅವರು ಇನ್ನೇನು ಹೇಳಿದರೋ, ಕೇಳುವ ಕಿವಿಯೇ ಅಲ್ಲಿರಲಿಲ್ಲ. ಅವರು ಮೈಕು ಮೇಜಿನ ಮೇಲಿಟ್ಟು ಕೂತುಬಿಟ್ಟರು.

ಸೋಪಣ್ಣನ ಮನಸ್ಸು ಯಾಕೋ ಕಲಕಿತು. ಭಾವ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲವಲ್ಲ ಅನ್ನಿಸಿತು. ಹೆಂಡತಿಯ ಕಡೆ ನೋಡಿದ. ಅವಳು ಕಣ್ಣಲ್ಲೇ ಬೇಡ ಬೇಡ ಅಂದಳು. ಅವನಿಗೆ ಅದು ಹೇಳು ಹೇಳು ಅಂದಂತೆ ಕಂಡಿತು. ಮೈಕು ಎತ್ತಿಕೊಂಡ.

"ನಮ್ಮ ಭಾವ ಹೇಳಿದ್ದು ನಿಜ. ನಾನು ಔಷಧಿ ಅಂಗಡೀಲಿ ಸೋಪು ಮಾರ್ತೀನಿ. ಗೊತ್ತಿದ್ದಷ್ಟು ಹೇಳಿದೀನಿ. ತಪ್ಪಿದ್ರೆ ಕ್ಷಮಿಸಿ."

ಟಿಕೆಟ್ ತಾತ ಎದ್ದು ನಿಂತು, ನೋಡಿ, ಇದು ವಿನಯ ಅಂದರೆ ಎಂದು ಗದ್ಗದಿತರಾಗಿ ಚಪ್ಪಾಳೆ ತಟ್ಟಿದರು. ಸಭೆಯೆಲ್ಲ ಎದ್ದು ತಟ್ಟಿತು. ದೊಡ್ಡ ಮನುಷ್ಯರು ತಮ್ಮನ್ನು ಹೀಗೆಯೇ ಚಿಕ್ಕದು ಮಾಡಿಕೊಳ್ಳುವುದು, ಅದೂ ಮುಖ್ಯ ಅತಿಥಿಗಳ ತಮಾಷೆಗೆ ನೋವಾಗದ ಹಾಗೆ ಅದನ್ನೇ ಎತ್ತಿಕೊಂಡರಲ್ಲ ಎಂದು ಹೆಡ್ ಮೇಡಂ ವಂದನಾರ್ಪಣೆಯಲ್ಲಿ ಹೊಗಳಿದರು. ಸತ್ಯವನ್ನು ಇಬ್ಬರು ಬೇರೆ ಬೇರೆ ದನಿಯಲ್ಲಿ ಹೇಳಿದರೂ ಆ ಸಭೆಯಲ್ಲಿ ಅದಕ್ಕೆ ಕೂರಲು ಜಾಗ ಸಿಗಲಿಲ್ಲ. ಸೋಪಣ್ಣ ಇನ್ನು ತನ್ನ ಕೈಲಾಗುವುದಿಲ್ಲವೆಂದು ಕೈಮುಗಿದ.

ಚಹಾ ಕುಡಿಯುವಾಗ ಅಕ್ಕ ತಂಗಿಯ ತೋಳು ಹಿಡಿದು ಮೆಲ್ಲಗೆ ಕೇಳಿದಳಂತೆ, ಏನೇ, ನಿನ್ನ ಗಂಡ ಇಷ್ಟು ಚೆನ್ನಾಗಿ ಮಾತಾಡ್ತಾರೆ ಅಂತ ನೀನು ಹೇಳಲೇ ಇಲ್ಲವಲ್ಲೇ ಎಂದು. ಹೆಂಡತಿ ಚಹಾ ಲೋಟ ಕೆಳಗಿಟ್ಟು, ನೀನು ಕೇಳಲೇ ಇಲ್ಲವಲ್ಲಕ್ಕ ಅಂದಳು. ಅಂದಿನಿಂದ ಆಕೆ ನೆಂಟರ ಮನೆಗಳಲ್ಲಿ ಒಳಗೆ ಹೋಗುವ ಕೆಲಸವನ್ನೇ ಬಿಟ್ಟಳು.

ಮರುದಿನ ಅಂಗಡಿಗೆ ಜನ ಬಂದರು. ಮಕ್ಕಳನ್ನು ಕರೆದುಕೊಂಡು ಬಂದರು. ಸೋಪಿನ ಕಪಾಟಿನ ಹಿಂದೆ ಅವನನ್ನು ಕಂಡು ಯಾರಿಗೂ ಅನುಮಾನ ಬರಲಿಲ್ಲ. ವಿಜ್ಞಾನಿಗಳು ಜನರ ನಡುವೆ ನಿಂತೇ ಅಧ್ಯಯನ ಮಾಡಬೇಕಾಗುತ್ತದೆ ಎಂದು ಟಿಕೆಟ್ ತಾತ ಮೊದಲೇ ಎಲ್ಲರಿಗೂ ತಿಳಿಸಿಟ್ಟಿದ್ದರು. ಟೂತ್‌ಪೇಸ್ಟಿನ ಕಪಾಟು ಮಧ್ಯಾಹ್ನಕ್ಕೇ ಬರಿದಾಯಿತು. ಯಜಮಾನರು ಗಲ್ಲಾದಿಂದ ಎದ್ದು ಬಂದು, ಇಷ್ಟು ಕಾಲವೂ ನಿಂತೇ ದುಡಿದ ಸೋಪಣ್ಣನಿಗೆ ಒರಗುವ ಬೆನ್ನಿರುವ ಒಂದು ಕುರ್ಚಿ ಹಾಕಿಸಿದರು. ಔಷಧಿ ಮುಟ್ಟುವ ಹಾಗಿಲ್ಲ ಅನ್ನುವುದನ್ನು ಮಾತ್ರ ಮತ್ತೊಮ್ಮೆ ನೆನಪಿಸಿದರು.

ಸೋಪಣ್ಣ ಆ ಕುರ್ಚಿಯಲ್ಲಿ ಕೂತು, ಒರಗಿ, ಇನ್ನೂ ಒರಗಬಹುದೋ ಎಂದು ಪರೀಕ್ಷಿಸುತ್ತಿದ್ದಾಗ ಬಾಗಿಲಲ್ಲಿ ಭಾವ ಬಂದು ನಿಂತರು. ಆ ಅಂಗಡಿಯ ಮೆಟ್ಟಿಲನ್ನು ಅವರು ಹತ್ತಿದ್ದು ಅದೇ ಮೊದಲು. ಅತ್ತ ನೋಡಿದರು, ಇತ್ತ ನೋಡಿದರು, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಪಾಟಿನ ಹತ್ತಿರ ಬಗ್ಗಿದರು. ಹಲ್ಲು ಜುಮ್ಮೆನ್ನುತ್ತಿದೆ, ಯಾವ ಪೇಸ್ಟು ಒಳ್ಳೆಯದೆಂದು ಅವರನ್ನೇ ಕೇಳಿ ತನ್ನಿ ಎಂದು ಮನೆಯಲ್ಲಿ ಕಟ್ಟಪ್ಪಣೆಯಾಗಿದೆ ಎಂದು ಪಿಸುಗುಟ್ಟಿದರು.

ಸೋಪಣ್ಣ ಕುರ್ಚಿಯಿಂದ ಏಳಲಿಲ್ಲ. ಕಿವಿಗೆ ಕೈಯಿಟ್ಟು ಮುಂದೆ ಬಾಗಿದ.

"ಸ್ವಲ್ಪ ಜೋರಾಗಿ ಹೇಳಿ ಭಾವ, ಕೇಳಿಸ್ತಿಲ್ಲ."